ಓನರ್ ರಿಪೇರಿ ಮಾಡಿಸದಿದ್ದರೆ: ಸೆಕ್ಷನ್ 108(ಎಫ್) ಓದುವ ಬಗೆ

ದಾವಣಗೆರೆಯ ನಿಟುವಳ್ಳಿಯಲ್ಲಿ ನಾನಿದ್ದ ಬಾಡಿಗೆ ಮನೆಯ ಅಡುಗೆಮನೆ ಗೋಡೆ ಒಂದು ಮಳೆಗಾಲವಿಡೀ ಒದ್ದೆಯಾಗಿತ್ತು. ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಕೇಳಿದಾಗಲೆಲ್ಲ ಓನರ್ ಹೇಳುತ್ತಿದ್ದದ್ದು ಒಂದೇ: "ನೋಡೋಣ ತಮ್ಮಾ, ಮೇಸ್ತ್ರಿ ಸಿಗ್ತಿಲ್ಲ." ಕಾನೂನು ಪಾಠದಲ್ಲಿ ಕೇಳಿದ್ದ ಸೆಕ್ಷನ್ 108(ಎಫ್) ನನಗೆ ಅರ್ಥವಾಗಿದ್ದು ಆಗಲೇ.

ಓನರ್ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರ ಏನು ಮಾಡಬಹುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಹಲವರು ಕರ್ನಾಟಕ ಬಾಡಿಗೆ ಕಾಯ್ದೆ 1999ರಿಂದ ಉತ್ತರ ಶುರು ಮಾಡುತ್ತಾರೆ. ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಕೆಲವು ಊರುಗಳಲ್ಲಿ ಈ ಮಿತಿ 2,000. ಇವತ್ತು ವಿದ್ಯಾನಗರದಲ್ಲಿ ಆ ಬಾಡಿಗೆಗೆ ಮನೆ ಸಿಗುವುದು ಕಷ್ಟ. ಹಾಗಾಗಿ ನಮ್ಮಂಥವರಿಗೆ ಆಧಾರ 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಅದರ 108(ಎಫ್) ಹೇಳುವುದಿಷ್ಟು: ಮಾಲೀಕ ತಾನು ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ಸಾಕಷ್ಟು ಸಮಯವಾದರೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಬಹುದು. ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಬೇರೆ ರೀತಿ ವಸೂಲಿ ಮಾಡಬಹುದು.

ಇಲ್ಲಿ "ಮಾಡಿಸಲೇಬೇಕಾದ" ಎಂಬ ಮಾತಿನ ಕೆಳಗೆ ಗೆರೆ ಎಳೆಯಿರಿ. ಎಲ್ಲ ರಿಪೇರಿಯೂ ಮಾಲೀಕನದೇ ಅಂತ ಈ ಸೆಕ್ಷನ್ ಎಲ್ಲೂ ಹೇಳಿಲ್ಲ. ಆ ಹೊಣೆ ಬೇರೆ ಕಡೆಯಿಂದ ಬರಬೇಕು: ಮುಖ್ಯವಾಗಿ ಅಗ್ರಿಮೆಂಟಿನಿಂದ, ಅದರಲ್ಲಿ ಇಲ್ಲದಿದ್ದರೆ ಊರಿನ ರೂಢಿಯಿಂದ. ಸೂರು ಸೋರಿದರೆ ಓನರ್, ನಲ್ಲಿಯ ವಾಷರ್ ಹೋದರೆ ನಾವು ಎನ್ನುವುದು ರೂಢಿ. ಆದರೆ ರೂಢಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಸುಲಭವಲ್ಲ. ಅದಕ್ಕೇ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಒಂದು ಸಾಲು ಸೇರಿಸಿ: "ಚಾವಣಿ, ಗೋಡೆ, ಪೈಪು ಮತ್ತು ವೈರಿಂಗ್ ರಿಪೇರಿ ಮಾಲೀಕರದ್ದು." ಅಡ್ವಾನ್ಸ್ ಕೊಟ್ಟ ಮೇಲೆ ಈ ಮಾತು ಎತ್ತಿದರೆ ಯಾರೂ ಕೇಳುವುದಿಲ್ಲ.

"ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು" ಎಂಬ ಸಾಲು ತೋರಿಸಿ ಕೆಲವು ಓನರ್‌ಗಳು ಎಲ್ಲವನ್ನೂ ನಮ್ಮ ತಲೆಗೆ ಕಟ್ಟುತ್ತಾರೆ. 108(ಎಂ) ಕೂಡ ಹೀಗೇ ಹೇಳುತ್ತದೆ, ನಿಜ. ಆದರೆ ಸಹಜ ಬಳಕೆಯಿಂದ ಆದ ಸವೆತವನ್ನು ಅದೇ ಸೆಕ್ಷನ್ ಹೊರಗಿಟ್ಟಿದೆ. ಇಪ್ಪತ್ತು ವರ್ಷದ ಪೈಪು ತಾನಾಗೇ ಒಡೆದರೆ ಅದು ನಮ್ಮ ತಪ್ಪಲ್ಲ ಅಲ್ವಾ?

ಇನ್ನು ನೋಟಿಸ್. ಮೆಟ್ಟಿಲ ಮೇಲೆ ಸಿಕ್ಕಾಗ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಸಮೇತ ಬರೆಯಿರಿ, ಅದನ್ನೇ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ನಾನು ಬರೆದಿದ್ದು ಹೀಗೆ: "ಸಾರ್, ಅಡುಗೆಮನೆ ಗೋಡೆಗೆ ನೀರು ಇಳಿದು ಸ್ವಿಚ್ ಬೋರ್ಡಿನಲ್ಲಿ ಕರೆಂಟ್ ಹೊಡೆಯುತ್ತಿದೆ. ದಯವಿಟ್ಟು ಏಳು ದಿನದಲ್ಲಿ ಮಾಡಿಸಿ. ಆಗದಿದ್ದರೆ ನಾನೇ ಮಾಡಿಸಿ, ಬಿಲ್ ಕೊಟ್ಟು, ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ." ಎಷ್ಟು ದಿನ ಅಂತ ಕಾಯ್ದೆ ಹೇಳಿಲ್ಲ. ಕರೆಂಟಿನ ಅಪಾಯಕ್ಕೂ ಉದುರಿದ ಬಣ್ಣಕ್ಕೂ ಒಂದೇ ಅವಧಿ ಸರಿಹೋಗುವುದಿಲ್ಲ.

ಲೆಕ್ಕ ನೋಡಿ. ಬಾಡಿಗೆ 8,000, ರಿಪೇರಿಗೆ ಆದದ್ದು 3,200. ಬಿಲ್ಲಿನ ಪ್ರತಿ ಕೊಟ್ಟು 4,800 ಬ್ಯಾಂಕ್ ಮೂಲಕ ಹಾಕಿ. ಸಿಟ್ಟಿನಲ್ಲಿ ಪೂರ್ತಿ ಬಾಡಿಗೆ ನಿಲ್ಲಿಸಬೇಡಿ. ಆಗ ತಪ್ಪು ನಮ್ಮ ಕಡೆಗೆ ತಿರುಗುತ್ತದೆ.

ಲೀಸಿಗೆ ಮನೆ ಹಿಡಿದವರಿಗೆ ತಿಂಗಳ ಬಾಡಿಗೆಯೇ ಇಲ್ಲ, ಮುರಿದುಕೊಳ್ಳುವುದು ಎಲ್ಲಿಂದ? ಅವರಿಗಂತೂ ಅಗ್ರಿಮೆಂಟಿನ ಆ ಸಾಲು ಇನ್ನೂ ಜಾಸ್ತಿ ಮುಖ್ಯ.

2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾವ ರಿಪೇರಿ ಯಾರದು ಎಂಬ ಪಟ್ಟಿಯೇ ಇದೆ. ಪೈಪು, ವೈರಿಂಗ್ ಮಾಲೀಕನದು. ಸ್ವಿಚ್, ನಲ್ಲಿ ವಾಷರ್ ಬಾಡಿಗೆದಾರನದು. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆಯಾಗಿ ತಂದರಷ್ಟೇ ಬಲ.

ಕೇಳಿದ್ದಕ್ಕೆ ಓನರ್ ಸಿಟ್ಟಾಗಿ ಮನೆ ಬಿಡಿ ಅಂದರೆ? ತಿಂಗಳ ಲೆಕ್ಕದ ಬಾಡಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರಂತೆ 15 ದಿನದ ನೋಟಿಸಿನಿಂದ ಮುಗಿಸಬಹುದು. ಈ ಭಯ ಸುಮ್ನೆ ಅಲ್ಲ. ಆದರೆ ಬೀಗ ಹಾಕಿ, ಸಾಮಾನು ಹೊರಗೆಸೆದು ಬಿಡಿಸುವ ಹಾಗಿಲ್ಲ. ಹಾಗೆ ಮಾಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಲ್ಲಿ ಆರು ತಿಂಗಳೊಳಗೆ ದಾವೆ ಹೂಡಿ ಮನೆ ವಾಪಸ್ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಅಗ್ರಿಮೆಂಟ್, ಫೋಟೋ, ನೋಟಿಸಿನ ಪ್ರತಿ, ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ.