ಮೆತ್ತನೆ ಬಟ್ಟೆಯಲ್ಲೇ ಒರೆಸಿದರೂ ಕನ್ನಡಕಕ್ಕೆ ಗೀರು ಬೀಳುವುದೇಕೆ?

ಪ್ರಶ್ನೆ: ಕನ್ನಡಕ ಮಾಡಿಸಿ ಇನ್ನೂ ವರ್ಷ ತುಂಬಿಲ್ಲ. ಜೊತೆಗೆ ಕೊಟ್ಟ ಬಟ್ಟೆಯಲ್ಲೇ ದಿನಕ್ಕೆ ನಾಲ್ಕೈದು ಸಲ ಒರೆಸುತ್ತೇನೆ, ಬೇರೇನನ್ನೂ ಮುಟ್ಟಿಸಿಲ್ಲ. ಆದರೂ ರಾತ್ರಿ ಎದುರಿಂದ ದೀಪ ಬಿದ್ದರೆ ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಕೋಟಿಂಗ್ ಹಾಳಾಗದ ಹಾಗೆ ಒರೆಸುವುದು ಹೇಗೆ?

ಉತ್ತರ: ದಿನಕ್ಕೆ ನಾಲ್ಕೈದು ಸಲ ಒರೆಸುತ್ತೇನೆ ಎಂದಿದ್ದೀರಿ, ತೊಳೆಯುತ್ತೇನೆ ಎಂದು ಎಲ್ಲೂ ಹೇಳಿಲ್ಲ. ತೊಂದರೆ ಅಲ್ಲೇ ಇದೆ. ಬಟ್ಟೆ ಬೆಣ್ಣೆಯಂತಿದ್ದರೂ ಅದಕ್ಕೂ ಗಾಜಿಗೂ ನಡುವೆ ದೂಳು ಸಿಕ್ಕಿಕೊಂಡಿರುತ್ತದೆ, ಗೀರುವುದು ಆ ದೂಳು. ಸಾಧಾರಣ ದೂಳಿನಲ್ಲೂ ಬೆಣಚುಕಲ್ಲಿನ ಪುಡಿ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7, ಕಿಟಕಿ ಗಾಜಿಗೆ ಸುಮಾರು 5.5. ಕನ್ನಡಕದ ಗಾಜು ಅದಕ್ಕಿಂತಲೂ ಮೆದು. ಆ ಪುಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಗರಗರ ತಿರುಗಿಸುವವರು ನಾವೇ.

ಗಾಜು ಅನ್ನುವುದು ಬಾಯಿರೂಢಿ ಅಷ್ಟೇ. ಈಗಿನ ಬಹುಪಾಲು ಕನ್ನಡಕಗಳಲ್ಲಿರುವುದು ಪ್ಲಾಸ್ಟಿಕ್. ಅದರ ಮೇಲೆ ಮೊದಲು ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಗಟ್ಟಿ ಲೇಪ. ಅದರ ಮೇಲೆ ಪ್ರತಿಫಲನ ತಡೆಯುವ ಪದರಗಳು, ಅಂದರೆ ಸಿಲಿಕಾ ಮತ್ತು ಟೈಟಾನಿಯಂ ಅಥವಾ ಜಿರ್ಕೋನಿಯಂ ಆಕ್ಸೈಡನ್ನು ಒಂದಾದ ಮೇಲೊಂದರಂತೆ ನಿರ್ವಾತದಲ್ಲಿ ಕೂರಿಸಿದ್ದು. ಈ ಆಕ್ಸೈಡ್ ಪದರಗಳನ್ನೆಲ್ಲ ಸೇರಿಸಿದರೂ ಒಂದು ಮೈಕ್ರಾನ್ ಆಗದು. ಕಟ್ಟಕಡೆಗೆ ನೀರು, ಜಿಡ್ಡು ಅಂಟದಂತೆ ಕೆಲವೇ ನ್ಯಾನೋಮೀಟರಿನ (ಒಂದು ನ್ಯಾನೋಮೀಟರ್ ಮೈಕ್ರಾನಿನ ಸಾವಿರದಲ್ಲೊಂದು ಪಾಲು) ಫ್ಲೋರಿನ್ ಪದರ. ಬರಿಯ ಪ್ಲಾಸ್ಟಿಕ್ ಲೆನ್ಸಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆಸೆಯುತ್ತದೆ. ಕೋಟಿಂಗ್ ಇದ್ದರೆ ಅದು ಶೇ. 1ಕ್ಕಿಂತ ಕಡಿಮೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಇದನ್ನು ಕಂಡುಹಿಡಿದದ್ದು ಕ್ಯಾಮೆರಾ, ದುರ್ಬೀನುಗಳಂಥ ಉಪಕರಣಗಳ ಲೆನ್ಸಿಗೆ. ನಮ್ಮ ಮೂಗಿನ ಮೇಲೆ ಬಂದದ್ದು ಆಮೇಲೆ.

ಇದರಲ್ಲೊಂದು ಪೇಚಿದೆ. ಪ್ರತಿಫಲನ ತಗ್ಗಿದ ಗಾಜಿನ ಮೇಲೆ ಬೆರಳಿನ ಜಿಡ್ಡು ಇನ್ನಷ್ಟು ಎದ್ದು ಕಾಣುತ್ತದೆ, ಯಾಕೆಂದರೆ ಜಿಡ್ಡು ಕೂತ ಕಡೆ ಮಾತ್ರ ಕೋಟಿಂಗಿನ ಲೆಕ್ಕಾಚಾರ ತಪ್ಪಿ ಬೆಳಕು ಮತ್ತೆ ಹೊಳೆಯುತ್ತದೆ. ಕಂಡಾಗಲೆಲ್ಲ ಕೈ ಸುಮ್ಮನಿರದು, ಅಂಗಿಯ ಚುಂಗು ಹಿಡಿದು ಉಜ್ಜುತ್ತೇವೆ.

ಒಳ್ಳೆಯ ದಾರಿ ನೀರೇ. ಮೊದಲು ನಿಮ್ಮ ಕೈ ತೊಳೆದುಕೊಳ್ಳಿ. ಕೈಗೆ ಹಚ್ಚಿದ ಕ್ರೀಮು ಗಾಜಿಗೆ ಹತ್ತಿದರೆ ಬಿಡಿಸುವುದು ಕಷ್ಟ. ನಲ್ಲಿಯನ್ನು ಸಣ್ಣಗೆ ಬಿಟ್ಟು ಕನ್ನಡಕವನ್ನು ಅದರ ಕೆಳಗೆ ಹಿಡಿಯಿರಿ. ಈಗಲೇ ಬೆರಳು ತಾಗಿಸಬೇಡಿ, ಕಲ್ಲಿನಂಶವನ್ನು ನೀರೇ ಕೊಚ್ಚಿಕೊಂಡು ಹೋಗಲಿ. ಕಾಲು ನಿಮಿಷ ಸಾಕು. ಆಮೇಲೆ ಬೆರಳ ತುದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು. ಎರಡೂ ಮಗ್ಗುಲು ನಯವಾಗಿ ಸವರಿ. ಗಾಜು ಫ್ರೇಮಿಗೆ ಸೇರುವ ಸಂದನ್ನು ಮರೆಯಬೇಡಿ, ಕಪ್ಪು ಕೂತಿರುವುದೇ ಅಲ್ಲಿ. ನೋಸ್ ಪ್ಯಾಡ್, ಕಿವಿಗೆ ಸಿಕ್ಕಿಸುವ ಕಡ್ಡಿಗಳಿಗೂ ಅದೇ ನೊರೆ ಸಾಕು. ತೊಳೆದು ಎತ್ತಿ ಹಿಡಿದು ನೋಡಿ. ಮೇಲಿನ ಫ್ಲೋರಿನ್ ಪದರ ಹಾಳಾಗದೆ ಇದ್ದರೆ ನೀರು ಗುಂಡು ಗುಂಡಾಗಿ ಜಾರಿ ಹೋಗುತ್ತದೆ. ಹಾಳೆಯಂತೆ ಹರಡಿ ನಿಂತರೆ ಒಂದೋ ಜಿಡ್ಡು ಉಳಿದಿದೆ, ಇಲ್ಲ ಆ ಪದರ ಸವೆದಿದೆ. ಮೆಲ್ಲಗೆ ಕೊಡವಿ, ಒಗೆದ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಿ. ಹನಿಗಳು ತಾವಾಗಿ ಒಣಗಲಿ ಎಂದು ಬಿಟ್ಟರೆ ಗಡಸು ನೀರಿನ ಬಿಳಿ ಚುಕ್ಕೆ ಉಳಿಯುತ್ತದೆ. ಮೈಸೋಪಿನ ಬಿಲ್ಲೆಯೂ ಗಡಸು ನೀರಿನಲ್ಲಿ ಇಂಥದ್ದೇ ಪೊರೆ ಬಿಡುತ್ತದೆ, ಅದಕ್ಕೇ ಲಿಕ್ವಿಡ್ ಎಂದದ್ದು.

ಹಿಡಿಯುವ ಬಗೆಯೂ ಮುಖ್ಯ. ಎಡಗಾಜು ಒರೆಸುವಾಗ ಎಡಗಡೆಯ ಫ್ರೇಮನ್ನೇ ಹಿಡಿಯಿರಿ. ಬಲಗಡ್ಡಿ ಹಿಡಿದು ಎಡಗಾಜನ್ನು ಉಜ್ಜಿದರೆ ಮೂಗಿನ ಮೇಲಿನ ಸೇತುವೆ ತಿರುಚಿಕೊಳ್ಳುತ್ತದೆ, ತಿರುಪು ಸಡಿಲವಾಗುತ್ತದೆ.

ಇನ್ನು ಆ ಬಟ್ಟೆಯ ವಿಷಯ. ಕೊನೆಯ ಸಲ ಒಗೆದದ್ದು ಯಾವಾಗ? ಇಂಥ ಬಟ್ಟೆ ಸಾಮಾನ್ಯವಾಗಿ ಮೈಕ್ರೋಫೈಬರ್, ಅಂದರೆ ಬಹಳ ಸಣ್ಣ ಕೃತಕ ನೂಲಿನದು. ಅದರ ಸೀಳಿದ ಎಳೆಗಳು ದೂಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದರ ಗುಣವೂ ಅದೇ, ದೋಷವೂ ಅದೇ. ತಿಂಗಳುಗಟ್ಟಲೆ ಬ್ಯಾಗಿನ ತಳದಲ್ಲಿ ಬಿದ್ದಿದ್ದ ಬಟ್ಟೆ ಒರೆಸುವ ವಸ್ತುವೇ ಅಲ್ಲ. ವಾರಕ್ಕೊಮ್ಮೆ ಸೋಪುನೀರಿನಲ್ಲಿ ಒಗೆದು ಒಣಗಿಸಿ, ಫ್ಯಾಬ್ರಿಕ್ ಸಾಫ್ಟನರ್ ಮಾತ್ರ ಬೇಡ. ಅದರ ಜಿಡ್ಡು ಎಳೆಯಲ್ಲಿ ಉಳಿದು ಗಾಜಿಗೆ ಬರುತ್ತದೆ.

ಹೊರಗೆ ನೀರು ಸಿಗದಿದ್ದರೆ ಲೆನ್ಸ್ ಸ್ಪ್ರೇ ಹೊಡೆದು ಒರೆಸಿ, ಗಾಜು ಒದ್ದೆಯಾಗುವಷ್ಟು ಧಾರಾಳವಾಗಿಯೇ. ಹಾ ಎಂದು ಊದಿದರೆ ಬರುವ ಆವಿ ದೂಳನ್ನು ಎತ್ತುವಷ್ಟಿರುವುದಿಲ್ಲ. ಟಿಶ್ಯೂ ಕಾಗದ ಬೇಡ. ಕಿಟಕಿ ಗಾಜಿಗೆ ಬಳಸುವ ಅಮೋನಿಯದ ದ್ರಾವಣ, ಬ್ಲೀಚ್, ವಿನೆಗರ್ ಯಾವುದೂ ಹತ್ತಿರ ಬರಬಾರದು. ಉಗುರುಬಣ್ಣ ತೆಗೆಯುವ ಅಸಿಟೋನಂತೂ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಲೆನ್ಸನ್ನೂ ಕೆಲವು ಪ್ಲಾಸ್ಟಿಕ್ ಫ್ರೇಮುಗಳನ್ನೂ ತಿಂದುಹಾಕುತ್ತದೆ. ಟೂತ್‌ಪೇಸ್ಟಿನಿಂದ ಗೀರು ಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಅದರಲ್ಲಿರುವುದು ಉಜ್ಜಿ ಸವೆಸುವ ಪುಡಿ. ಗೀರು ಅಲ್ಲೇ ಇರುತ್ತದೆ, ಸುತ್ತಲಿನ ಕೋಟಿಂಗ್ ಹೋಗುತ್ತದೆ.

ಬಿಸಿಯ ಬಗ್ಗೆ ನನಗೆ ಪಾಠವಾದದ್ದು ನನ್ನದೇ ಕನ್ನಡಕದಿಂದ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಬಿಟ್ಟು ಹೋಗಿದ್ದೆ. ಬಂದು ಹಾಕಿಕೊಂಡರೆ ಮಂಜು ಕವಿದ ಹಾಗೆ. ಎಷ್ಟು ತೊಳೆದರೂ ಹೋಗಲಿಲ್ಲ. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಕಂಡಿತು, ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕಿನ ಬಲೆ. ಕಾದಾಗ ಪ್ಲಾಸ್ಟಿಕ್ ಹಿಗ್ಗುತ್ತದೆ, ಮೇಲಿನ ಆಕ್ಸೈಡ್ ಪದರಗಳು ಅಷ್ಟು ಹಿಗ್ಗಲಾರದೆ ಒಡೆಯುತ್ತವೆ. ಹಾಗಾಗಿ ಬಿಸಿನೀರಿನಲ್ಲೂ ತೊಳೆಯಬಾರದು. ತಣ್ಣೀರು, ಹೆಚ್ಚೆಂದರೆ ಉಗುರುಬೆಚ್ಚಗಿನದು.

ನಿಮ್ಮದನ್ನೂ ಹಾಗೇ ದೀಪದ ಕೆಳಗೆ ಓರೆ ಮಾಡಿ ನೋಡಿ. ಉದ್ದುದ್ದ ಗೆರೆ, ಕಮಾನಿನಂಥ ಗೆರೆಗಳಿದ್ದರೆ ಒರೆಸಿದ್ದರ ಗುರುತು. ಬಲೆಯಂತಿದ್ದರೆ ಬಿಸಿಯ ಕೆಲಸವಿರಬಹುದು. ಯಾವುದಾದರೂ ಅಷ್ಟೆ, ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಓದಲು, ಗಾಡಿ ಓಡಿಸಲು ಅಡ್ಡಿಯಾಗದಿದ್ದರೆ ಹಾಗೇ ಬಳಸಿ. ರಾತ್ರಿ ದೀಪ ಹರಡಿದಂತೆ ಕಂಡರೆ ಲೆನ್ಸ್ ಮಾತ್ರ ಬದಲಿಸಿಕೊಳ್ಳಿ, ಗಟ್ಟಿಯಾಗಿದ್ದರೆ ಹಳೆಯ ಫ್ರೇಮೇ ನಡೆಯುತ್ತದೆ.