ಥೆರಪಿ ಮುಕ್ಕಾಲು ಗಂಟೆ, ಉಳಿದ ಹೊತ್ತು ವಾರ್ಡು

ಮೂರನೇ ವರ್ಷದ ನರ್ಸಿಂಗ್ ಮಕ್ಕಳು ಸೈಕಿಯಾಟ್ರಿ ಪೋಸ್ಟಿಂಗಿಗೆ ಬರುವ ಹೊತ್ತಿಗೆ ಥೆರಪಿಗಳ ಹೆಸರೆಲ್ಲ ಬಾಯಿಪಾಠ ಆಗಿರುತ್ತವೆ. ಫ್ರಾಯ್ಡ್ ಅಂದರೆ ಸೈಕೋಅನಾಲಿಸಿಸ್ (ಮನಸ್ಸಿನ ಒಳಪದರ ಹುಡುಕುವ ಮನೋವಿಶ್ಲೇಷಣೆ), ಬೆಕ್ ಅಂದರೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ), ರೋಜರ್ಸ್ ಅಂದರೆ ಕ್ಲೈಂಟ್ ಸೆಂಟರ್ಡ್ (ರೋಗಿಯನ್ನೇ ನಡುವೆ ಇಟ್ಟುಕೊಂಡ ಥೆರಪಿ). ವೈವಾದಲ್ಲಿ ಕೇಳಿದರೆ ಪಟಪಟ ಹೇಳುತ್ತಾರೆ. ಅದೇ ವಾರ್ಡಿನಲ್ಲಿ ಒಬ್ಬ ಅಜ್ಜ ‘ಇನ್ನ ಬದುಕಿ ಏನ್ ಮಾಡ್ಲವ್ವಾ’ ಅಂದರೆ ಎಲ್ಲರೂ ಅವರ ಟೀಚರ್ ಆದ ನನ್ನ ಮುಖ ನೋಡುತ್ತಾರೆ.

ಅವರದೇನೂ ತಪ್ಪಿಲ್ಲ. ಪಠ್ಯಪುಸ್ತಕ ಥೆರಪಿಯನ್ನು ಥೆರಪಿಸ್ಟ್ ಕುರ್ಚಿಯಲ್ಲಿ ಕೂತು ಹೇಳುತ್ತದೆ. ಬಾಗಿಲು ಹಾಕಿದ ಕೋಣೆ, ಎದುರುಬದುರು ಎರಡು ಕುರ್ಚಿ, ಮುಕ್ಕಾಲು ಗಂಟೆ. ದಾವಣಗೆರೆಯಂಥ ಊರಲ್ಲಿ ಒಬ್ಬ ರೋಗಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಗುವುದು ವಾರಕ್ಕೆ ಒಂದೋ ಎರಡೋ ಸಲ. ಉಳಿದ ಹೊತ್ತೆಲ್ಲ ಸಿಗುವುದು ಸಿಸ್ಟರ್. ಜಗಳೂರು, ಹೊಸದುರ್ಗದಂಥ ತಾಲ್ಲೂಕು ಆಸ್ಪತ್ರೆಗೆ ಕೆಲಸಕ್ಕೆ ಹೋದರೆ ಎಷ್ಟೋ ಸಲ ಸಿಸ್ಟರ್ ಒಬ್ಬರೇ. ಹಾಗಾಗಿ ಪ್ರತಿ ಥೆರಪಿ ಓದುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನಡೆಯುತ್ತಿರುವ ರೋಗಿ ನನ್ನ ಶಿಫ್ಟಿನಲ್ಲಿದ್ದರೆ ನಾನು ಏನು ಮಾಡಬೇಕು, ಏನು ಮಾಡಬಾರದು? ಈ ‘ಮಾಡಬಾರದು’ ಅನ್ನೋದೇ ಜಾಸ್ತಿ ಮುಖ್ಯ.

ಬಿಹೇವಿಯರ್ ಥೆರಪಿಯಿಂದ, ಅಂದರೆ ನಡವಳಿಕೆ ಬದಲಿಸುವ ಚಿಕಿತ್ಸೆಯಿಂದ ಶುರು ಮಾಡೋಣ. ನರ್ಸ್‌ಗಳ ಕೈಗೆ ಇದರಷ್ಟು ಹತ್ತಿರದ್ದು ಬೇರೆ ಇಲ್ಲ. ಹರಿಹರದ ಕಡೆಯ ಒಬ್ಬ ಗೃಹಿಣಿ, ಗೀಳು ಕಾಯಿಲೆ ಅಂದುಕೊಳ್ಳಿ. ಕೈ ತೊಳೆದೂ ತೊಳೆದೂ ಚರ್ಮ ಬಿರಿದಿದೆ. ಸೈಕಾಲಜಿಸ್ಟ್ ಅವರ ಜೊತೆ ಕೂತು, ಅವರ ಒಪ್ಪಿಗೆಯಿಂದಲೇ ಒಂದು ಪಟ್ಟಿ ಮಾಡಿದ್ದಾರೆ. ಕಡಿಮೆ ಭಯದ್ದು ಮೊದಲು, ಜಾಸ್ತಿ ಭಯದ್ದು ಆಮೇಲೆ. ಇವತ್ತು ಬಾಗಿಲ ಚಿಲಕ ಮುಟ್ಟಬೇಕು, ಒಂದು ಗಂಟೆ ಕೈ ತೊಳೆಯಬಾರದು. ಆತಂಕ ಏರುತ್ತದೆ, ತೊಳೆಯದಿದ್ದರೂ ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲ ಅನ್ನೋದನ್ನು ಅವರು ಸ್ವತಃ ನೋಡಬೇಕು, ಚಿಕಿತ್ಸೆ ಅಂದರೆ ಅದೇ.

ಸಂಜೆ ಆ ಅಕ್ಕ ನರ್ಸಿಂಗ್ ಸ್ಟೇಷನ್ನಿಗೆ ಬರುತ್ತಾರೆ. ‘ಸಿಸ್ಟರ್, ನನ್ ಕೈ ಗಲೀಜಿಲ್ಲ ಅಲ್ವಾ? ಒಂದ್ಸಲ ನೋಡಿ ಹೇಳ್ರಿ.’ ಪಾಪ ಅನ್ನಿಸುತ್ತದೆ. ‘ಏನೂ ಇಲ್ಲ ಅಕ್ಕ, ಸ್ವಚ್ಛ ಐತೆ ಹೋಗ್ರಿ’ ಅಂತ ಬಾಯಿಗೆ ಬಂದುಬಿಡುತ್ತದೆ. ಅಲ್ಲಿಗೆ ದಿನದ ಕೆಲಸ ಕೆಟ್ಟಿತು. ನೀವು ಕೊಟ್ಟ ಆ ಧೈರ್ಯದ ಮಾತು ಇನ್ನೊಂದು ಸಲ ಕೈ ತೊಳೆದದ್ದಕ್ಕೆ ಸಮ. ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ ಪ್ರಶ್ನೆ. ಹೇಳಬೇಕಾದ್ದು ಹೀಗೆ: ‘ಕಷ್ಟ ಆಗ್ತಿದೆ ಅಂತ ಕಾಣ್ತಿದೆ ಅಕ್ಕ. ಈ ಪ್ರಶ್ನೆಗೆ ನಾವು ಉತ್ತರ ಕೊಡಬಾರದು ಅಂತ ಮಾತಾಡ್ಕೊಂಡಿದ್ದೀವಲ್ಲ. ಇಲ್ಲೇ ಕೂತ್ಕೊಳ್ರಿ, ನಾನೂ ಇರ್ತೀನಿ. ಈಗ ಭಯ ನೂರಕ್ಕೆ ಎಷ್ಟಿದೆ?’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಅಂಕಿ ಇಳಿಯೋದನ್ನು ಅವರೇ ಕೇಳಿಸಿಕೊಳ್ಳಲಿ. ಮೂರೂ ಶಿಫ್ಟಿನವರು ಇದೇ ಉತ್ತರ ಹೇಳಬೇಕು. ರಾತ್ರಿಯ ಸಿಸ್ಟರ್ ಕರಗಿ ‘ಸ್ವಚ್ಛ ಐತೆ ಬಿಡ್ರಿ’ ಅಂದರೆ ಬೆಳಿಗ್ಗೆ ಮತ್ತೆ ಮೊದಲಿಂದ.

1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಈ ಪದ್ಧತಿಯನ್ನು ಮೊದಲು ವರದಿ ಮಾಡಿದಾಗ ರೋಗಿಯ ಪಕ್ಕದಲ್ಲೇ ಇದ್ದು ತೊಳೆಯದಂತೆ ನೋಡಿಕೊಂಡವರು ನರ್ಸ್‌ಗಳು. ಇನ್ನೂ ಹಿಂದೆ, 1959ರಲ್ಲಿ, ಕೆನಡಾದ ಒಂದು ಮಾನಸಿಕ ಆಸ್ಪತ್ರೆಯ ಕೆಲಸವನ್ನು ಐಲನ್ ಮತ್ತು ಮೈಕಲ್ ಪ್ರಕಟಿಸಿದರು. ಅಲ್ಲಿ ಒಬ್ಬ ಮಹಿಳೆ ದಿನಕ್ಕೆ ಸುಮಾರು 16 ಸಲ ನರ್ಸ್‌ಗಳ ಆಫೀಸಿಗೆ ನುಗ್ಗುತ್ತಿದ್ದರು. ನರ್ಸ್‌ಗಳು ಆ ನುಗ್ಗುವಿಕೆಗೆ ಗಮನ ಕೊಡುವುದನ್ನು ನಿಲ್ಲಿಸಿದರು. ಕೆಲವು ವಾರಗಳಲ್ಲಿ ಅದು ದಿನಕ್ಕೆ ಎರಡಕ್ಕೆ ಇಳಿಯಿತು. ಬೈಯುವುದು, ಹೊರಗೆ ಕಳಿಸುವುದು ಕೂಡ ಒಂದು ಬಗೆಯ ಗಮನವೇ ಅಲ್ವಾ? ಇದನ್ನು ಓದಿದ ಮಕ್ಕಳು ‘ಹಾಗಾದ್ರೆ ರೋಗಿಯನ್ನ ಅಲಕ್ಷ್ಯ ಮಾಡಬೇಕಾ ಮೇಡಂ’ ಅಂತ ಕೇಳುತ್ತಾರೆ. ಅಲ್ಲ. ಅಲಕ್ಷ್ಯ ಆ ಒಂದು ನಡವಳಿಕೆಗೆ ಮಾತ್ರ. ಅದೇ ರೋಗಿ ಸುಮ್ನೆ ಕೂತು ಪೇಪರ್ ಓದುವಾಗ ನೀವಾಗಿಯೇ ಹೋಗಿ ಮಾತಾಡಿಸಬೇಕು. ನಾವು ಮಾಡೋದು ಸಾಮಾನ್ಯವಾಗಿ ತಿರುಗಾಮುರುಗಾ. ಗಲಾಟೆ ಮಾಡಿದಾಗ ಎಲ್ಲರೂ ಓಡುತ್ತೇವೆ, ಸುಮ್ಮನಿದ್ದಾಗ ಯಾರೂ ತಿರುಗಿ ನೋಡಲ್ಲ. ಮತ್ತೊಂದು ಮಾತು: ಟೋಕನ್ ಪದ್ಧತಿ ಓದುತ್ತೀರಿ, ಅಂದರೆ ಒಳ್ಳೆಯ ನಡವಳಿಕೆಗೆ ಟೋಕನ್ ಕೊಟ್ಟು, ಅದಕ್ಕೆ ಬದಲಾಗಿ ಬಹುಮಾನ ಕೊಡೋದು. ಊಟ, ಹಾಸಿಗೆ, ಮನೆಯವರ ಭೇಟಿ ಇವನ್ನು ಬಹುಮಾನ ಮಾಡಿ ತಡೆಹಿಡಿಯುವಂತಿಲ್ಲ. ಅವು ರೋಗಿಯ ಹಕ್ಕು.

ಸಿಬಿಟಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ‘ಪಾಸಿಟಿವ್ ಆಗಿ ಯೋಚನೆ ಮಾಡಿಸೋದು.’ ಖಂಡಿತ ಅಲ್ಲ. ಆರನ್ ಬೆಕ್ ಫಿಲಡೆಲ್ಫಿಯಾದಲ್ಲಿ ಮೊದಲು ಸೈಕೋಅನಾಲಿಸಿಸ್ ಮಾಡುತ್ತಿದ್ದವರು. ಖಿನ್ನತೆಯವರ ತಲೆಯಲ್ಲಿ ಕ್ಷಣಮಾತ್ರದಲ್ಲಿ ಹಾದುಹೋಗುವ ಕೆಲವು ಯೋಚನೆಗಳಿವೆ, ಅವುಗಳನ್ನು ಅವರು ಪರೀಕ್ಷೆ ಮಾಡದೇ ನಂಬುತ್ತಾರೆ ಅಂತ 1960ರ ದಶಕದಲ್ಲಿ ಗಮನಿಸಿದರು. ಥೆರಪಿಯ ಕೆಲಸ ಆ ಯೋಚನೆಯನ್ನು ತನಿಖೆ ಮಾಡೋದು, ಸಿಹಿ ಮಾಡೋದಲ್ಲ.

ಚನ್ನಗಿರಿ ಕಡೆಯ ಹುಡುಗ ಒಬ್ಬ ಡಿಪ್ರೆಶನ್ನಿಗೆ ಅಡ್ಮಿಟ್ ಆಗಿದ್ದಾನೆ ಅನ್ನಿ. ಅಣ್ಣನಿಗೆ ಫೋನ್ ಮಾಡಿದ, ಅಣ್ಣ ಎತ್ತಲಿಲ್ಲ. ‘ನಾನು ಸತ್ರೂ ಅವನಿಗೆ ಬೇಕಿಲ್ಲ’ ಅಂತ ಗೋಡೆ ಕಡೆ ತಿರುಗಿ ಮಲಗಿದ. ಸೈಕಾಲಜಿಸ್ಟ್ ಅವನಿಗೆ ನಾಲ್ಕು ಕಾಲಂ ಹಾಕಿದ ಒಂದು ನೋಟ್‌ಬುಕ್ ಕೊಟ್ಟಿದ್ದಾರೆ. ಏನಾಯ್ತು, ತಲೆಗೆ ಏನು ಬಂತು, ಏನನ್ನಿಸಿತು, ಅದಕ್ಕೆ ಪುರಾವೆ ಏನು. ನಿಮ್ಮ ಕೆಲಸ ಪಕ್ಕದಲ್ಲಿ ಕೂತು ಬರೆಸೋದು. ‘ಅಣ್ಣ ಈ ಹೊತ್ತಲ್ಲಿ ಎಲ್ಲಿರ್ತಾನೆ?’ ‘ಮೆಕ್ಕೆಜೋಳ ತುಂಬ್ಕೊಂಡು ಎಪಿಎಂಸಿಗೆ ಬಂದಿರ್ತಾನೆ.’ ‘ಅಲ್ಲಿ ಗದ್ದಲದಲ್ಲಿ ಫೋನ್ ಕೇಳಿಸುತ್ತಾ?’ ಅವನೇ ಯೋಚನೆ ಮಾಡಲಿ. ‘ನಿಮ್ಮಣ್ಣಂಗೆ ನಿನ್ನ ಮೇಲೆ ಪ್ರೀತಿ ಐತಪ್ಪಾ’ ಅಂತ ನೀವು ತೀರ್ಪು ಕೊಡಬೇಡಿ. ನಿಮಗೆ ಗೊತ್ತಿಲ್ಲ. ನಿಜಕ್ಕೂ ಅಣ್ಣ ಬೇಕಂತಲೇ ಎತ್ತಿಲ್ಲದಿರಬಹುದು. ಆಗ ಅದನ್ನು ಹೇಗೆ ಎದುರಿಸೋದು ಅನ್ನೋದು ಬೇರೆ ಕೆಲಸ. ಅಂದಹಾಗೆ ತೀರಾ ಕುಗ್ಗಿದವರಿಗೆ ಬರೆಸೋದಕ್ಕಿಂತ ಮೊದಲು ಎಬ್ಬಿಸಿ ಸ್ನಾನ, ಹತ್ತು ನಿಮಿಷ ನಡಿಗೆ. ಮನಸ್ಸು ಬಂದಮೇಲೆ ಏಳ್ತೀನಿ ಅಂತ ಕಾದರೆ ಆಗಲ್ಲ. ಎದ್ದಮೇಲೆಯೇ ಮನಸ್ಸು ಬರೋದು.

ಫ್ರಾಯ್ಡ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೀರಿ, ಬೇಡ ಅನ್ನಲ್ಲ. ವಾರ್ಡಿಗೆ ಮಾತ್ರ ಎರಡೇ ವಿಷಯ ತಂದರೆ ಸಾಕು. ಒಂದು ಟ್ರಾನ್ಸ್‌ಫರೆನ್ಸ್, ಅಂದರೆ ಬೇರೆ ಯಾರದೋ ಮೇಲಿನ ಭಾವನೆಯನ್ನು ರೋಗಿ ನಿಮ್ಮ ಮೇಲೆ ತರೋದು. ‘ನೀನು ನನ್ ಮಗಳಂಗೇ ಇದೀಯವ್ವಾ’ ಅನ್ನುವ ಅಮ್ಮ, ನೀವು ಎರಡು ದಿನ ರಜೆ ಹಾಕಿ ಬಂದರೆ ಮಾತು ಬಿಡುತ್ತಾರೆ. ಆ ಸಿಟ್ಟಿನ ಬೇರು ಬೇರೆಲ್ಲೋ ಇದೆ, ನೀವು ಸಿಕ್ಕಿದ್ದೀರಿ ಅಷ್ಟೇ. ಇನ್ನೊಂದು ಅದರ ತಿರುಗು, ಕೌಂಟರ್ ಟ್ರಾನ್ಸ್‌ಫರೆನ್ಸ್, ಅಂದರೆ ನಿಮ್ಮ ಹಳೇ ಭಾವನೆಯನ್ನು ನೀವು ರೋಗಿಯ ಮೇಲೆ ತರೋದು. ಮನೆಯಲ್ಲಿ ಕುಡಿಯುವ ಅಪ್ಪನನ್ನು ನೋಡಿ ಬೆಳೆದ ಹುಡುಗಿಗೆ ಡಿಅಡಿಕ್ಷನ್ ವಾರ್ಡಿನಲ್ಲಿ ಯಾರನ್ನು ಕಂಡರೂ ಮೈ ಉರಿಯುತ್ತದೆ. ಹಾಗೆ ಅನ್ನಿಸೋದು ತಪ್ಪಲ್ಲ. ಟೀಚರ್ ಹತ್ತಿರ ಹೇಳಿಕೊಳ್ಳದೇ ಮಾತ್ರೆ ಕೊಡುವಾಗ ಧ್ವನಿಯಲ್ಲಿ ತೋರಿಸೋದು ತಪ್ಪು. ಕುಡಿತ ಬಿಡಿಸುವಲ್ಲಿ ಉಪದೇಶ ಕೆಲಸ ಮಾಡಲ್ಲ ಅನ್ನೋದೂ ನೆನಪಿರಲಿ. ಅಮೆರಿಕದ ಸೈಕಾಲಜಿಸ್ಟ್ ವಿಲಿಯಂ ಮಿಲ್ಲರ್ 1983ರಿಂದ ಕಟ್ಟಿದ ಮೋಟಿವೇಷನಲ್ ಇಂಟರ್‌ವ್ಯೂ ಅನ್ನೋದರಲ್ಲಿ ಬಿಡಬೇಕಾದ ಕಾರಣ ರೋಗಿಯ ಬಾಯಿಂದಲೇ ಬರಬೇಕು. ‘ಕುಡಿತದಿಂದ ನಿಮಗೆ ಏನು ಸಿಗುತ್ತೆ, ಏನು ಹೋಗುತ್ತೆ?’ ಅಂತ ಕೇಳಿ, ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ.

ಈಗ ಆ ಅಜ್ಜನ ಮಾತಿಗೆ ಬರೋಣ. ‘ಬದುಕಿ ಏನ್ ಮಾಡ್ಲವ್ವಾ’ ಅಂದಾಗ ನಮ್ಮ ಬಾಯಿಗೆ ಮೊದಲು ಬರೋದು ‘ಹಂಗೆಲ್ಲ ಅನ್ನಬಾರದು ಅಜ್ಜ, ದೇವರಿದ್ದಾನೆ.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಅಜ್ಜನಿಗೆ ಕೇಳಿಸೋದು ಮಾತ್ರ ‘ಈ ಮಾತು ಇಲ್ಲಿ ಆಡಬೇಡ’ ಅಂತ. ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ್ದು ಇದಕ್ಕೇ ಮದ್ದು. ಷರತ್ತಿಲ್ಲದೆ ಒಪ್ಪಿಕೊಳ್ಳೋದು, ಅವರ ಜಾಗದಲ್ಲಿ ನಿಂತು ನೋಡೋದು, ನಾಟಕ ಮಾಡದಿರೋದು. ‘ತುಂಬ ಸಾಕಾಗಿದೆ ಅನ್ನಿಸ್ತಿದೆಯಾ ಅಜ್ಜ?’ ಅನ್ನಿ. ಆಮೇಲೆ ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಿದೆಯಾ? ಹೇಗೆ ಅಂತ ಏನಾದ್ರೂ ಯೋಚನೆ ಮಾಡಿದ್ದೀರಾ?’ ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನೋ ಹೆದರಿಕೆಗೆ ಆಧಾರ ಇಲ್ಲ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ. ‘ಯಾರಿಗೂ ಹೇಳಬ್ಯಾಡವ್ವಾ’ ಅಂದರೆ ಆ ಮಾತು ಕೊಡಬೇಡಿ. ಡಿಸ್ಚಾರ್ಜ್ ಆಗುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಮನೆಯವರ ಫೋನಿನಲ್ಲಿ ಸೇವ್ ಮಾಡಿಸಿ.

ಮನೆಯವರ ವಿಷಯದಲ್ಲಿ ನಮ್ಮ ದೇಶ ಬೇರೆಯವರಿಗಿಂತ ಮುಂದಿತ್ತು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ನಮ್ಮ ಹಾಸಿಗೆಗಳ ಪಕ್ಕದಲ್ಲಿ ಇವತ್ತಿಗೂ ಚಾಪೆ ಹಾಸಿಕೊಂಡು ಅಮ್ಮನೋ ಹೆಂಡತಿಯೋ ಇದ್ದೇ ಇರುತ್ತಾರೆ. ಅವರನ್ನು ಔಷಧಿ ತರೋಕೆ, ಬಿಲ್ ಕಟ್ಟೋಕೆ ಮಾತ್ರ ಓಡಾಡಿಸಿ ಸುಮ್ಮನಾಗುತ್ತೇವೆ. ಸ್ಕಿಜೋಫ್ರೇನಿಯಾ ಇರುವ ಮಗನನ್ನು ತಾಯಿ ‘ದಂಡಪಿಂಡ, ಹೊತ್ತೇರಿದ್ರೂ ಬಿದ್ಕಂಡಿರ್ತಾನೆ’ ಅಂತ ಬೈಯುತ್ತಾರೆ. ಮನೆಯಲ್ಲಿ ಇಂಥ ಚುಚ್ಚುಮಾತು, ದ್ವೇಷ, ಅತಿಯಾದ ಹಚ್ಚಿಕೊಳ್ಳುವಿಕೆ ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸೋದೂ ಜಾಸ್ತಿ ಅಂತ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲೇ ತೋರಿಸಿದ್ದಾರೆ. ತಾಯಿಗೆ ಬುದ್ಧಿ ಹೇಳಬೇಡಿ, ಅವರೂ ಸೋತಿದ್ದಾರೆ. ‘ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆಯ ಒಂದು ಭಾಗ. ಮೊದಲು ಹಲ್ಲುಜ್ಜೋದು ಒಂದನ್ನೇ ಹಿಡೀರಿ’ ಅನ್ನಿ. ನನ್ನ ಪ್ರಕಾರ ಈ ಹತ್ತು ನಿಮಿಷದ ಮಾತು ಅರ್ಧ ಫ್ಯಾಮಿಲಿ ಥೆರಪಿ.

ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಐಪಿಟಿ (ಇಂಟರ್‌ಪರ್ಸನಲ್ ಥೆರಪಿ), ಗ್ರೂಪ್ ಥೆರಪಿಗಳ ಹೆಸರೂ ಸಿಲಬಸ್ಸಿನಲ್ಲಿ ಸಿಗುತ್ತವೆ. ಪದೇ ಪದೇ ಕೈ ಕುಯ್ದುಕೊಳ್ಳುವವರಿಗೆ ಲಿನೆಹನ್ ಕಟ್ಟಿದ್ದು ಡಿಬಿಟಿ. ಸಾವು, ಜಗಳ, ಬದುಕಿನ ದೊಡ್ಡ ಬದಲಾವಣೆ ಇವುಗಳ ಸುತ್ತ ಖಿನ್ನತೆಯನ್ನು ನೋಡೋದು ಐಪಿಟಿ. ಎರಡಕ್ಕೂ ತರಬೇತಿ ಬೇಕು. ಹೆಸರು, ಉದ್ದೇಶ ತಿಳಿದಿದ್ದರೆ ಸದ್ಯಕ್ಕೆ ಸಾಕು. ಗ್ರೂಪ್ ಮಾತ್ರ ಬಿಡಬೇಡಿ, ಸಂಜೆ ಟೀ ಹೊತ್ತಲ್ಲಿ ಸೀನಿಯರ್ ಜೊತೆ ಕೂತು ನೋಡಿ.

ಗಡಿ ಎಲ್ಲಿ ಅಂತಲೂ ಹೇಳಬೇಕು. ಹಳೇ ಗಾಯ ಕೆದಕಬೇಡಿ. ಕನಸಿಗೆ ಅರ್ಥ ಹೇಳಬೇಡಿ. ನಿಮಗೆ ಒಬ್ಬ ರೋಗಿ ಮಾತ್ರ ವಿಶೇಷ ಅನ್ನಿಸತೊಡಗಿದರೆ, ವೈಯಕ್ತಿಕ ನಂಬರ್ ಕೊಡಬೇಕು ಅನ್ನಿಸಿದರೆ, ಅವತ್ತೇ ಮೇಲಿನವರ ಹತ್ತಿರ ಮಾತಾಡಿ.

ಕೊನೆಗೆ ನರ್ಸಸ್ ನೋಟ್ಸ್. ‘ಪೇಷೆಂಟ್ ಕೋಆಪರೇಟಿವ್, ಸ್ಲೆಪ್ಟ್ ವೆಲ್’ ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ. ‘ಬೆಳಿಗ್ಗೆ ಎಬ್ಬಿಸದೇ ಎದ್ದು ಸ್ನಾನ ಮಾಡಿದ. ಅಣ್ಣನ ಫೋನ್ ಬಂದಮೇಲೆ ಅರ್ಧ ಗಂಟೆ ಅತ್ತ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದ, ಸಾಯುವ ಯೋಚನೆ ಈಗ ಇಲ್ಲ ಅಂದ’ ಅಂತ ಬರೆಯಿರಿ. ಸೈಕಾಲಜಿಸ್ಟ್ ಮುಂದಿನ ಸಲ ಬಂದಾಗ ‘ಹೇಗಿದ್ದೀಯಪ್ಪಾ’ ಅಂತ ಕೇಳೋ ಬದಲು ಆ ಎರಡು ಸಾಲಿನಿಂದಲೇ ಮಾತು ಶುರು ಮಾಡುತ್ತಾರೆ.