ಮರಳಿನಲ್ಲಿ ಕಂಡ ಆಮೆಮರಿಯನ್ನು ಎತ್ತಿ ಕಡಲಿಗೆ ಬಿಡಬಹುದೇ?

ಪ್ರಶ್ನೆ: ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರದಲ್ಲಿ ಬೆಳಗಿನ ಜಾವ ನಡೆಯುತ್ತಿದ್ದಾಗ ಎರಡು ಬೆರಳಿನಷ್ಟು ಅಗಲದ ಆಮೆಮರಿಗಳು ಮರಳಿನ ಮೇಲೆ ತೆವಳುತ್ತಿದ್ದುದನ್ನು ಕಂಡೆವು. ಮರುಕದಿಂದ ಅವನ್ನು ಎತ್ತಿ ನೀರಿಗೆ ಬಿಟ್ಟೆವು. ಜೊತೆಗಿದ್ದವರೊಬ್ಬರು ಹಾಗೆ ಮಾಡಬಾರದಿತ್ತು ಎಂದರು. ನಾವು ಮಾಡಿದ್ದು ತಪ್ಪೇ? ನಮ್ಮಂಥ ಸಾಮಾನ್ಯರು ಈ ಜೀವಿಗಳಿಗೆ ನೆರವಾಗುವುದು ಹೇಗೆ?

ಉತ್ತರ: ನಿಮ್ಮ ಜೊತೆಗಿದ್ದವರು ಹೇಳಿದ್ದು ಸರಿ. ಮರಿಗಳು ತಾವಾಗಿಯೇ ಕಡಲಿನತ್ತ ಸಾಗುತ್ತಿದ್ದರೆ ಅವನ್ನು ಮುಟ್ಟಬಾರದು. ಅವುಗಳ ದಾರಿಗೆ ಅಡ್ಡವಾಗದಂತೆ ಹಿಂದೆ ಸರಿದು ನಿಂತು, ನಾಯಿಗಳು ಹತ್ತಿರ ಬಾರದಂತೆ ನೋಡಿಕೊಂಡು, ಕೊನೆಯ ಮರಿ ನೀರು ಸೇರುವವರೆಗೆ ಕಾಯಬೇಕು. ನಿಮ್ಮ ಮರುಕ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಹತ್ತಿಪ್ಪತ್ತು ಮಾರು ಮರಳು ಮರಿಗೆ ಬರಿಯ ಅಡಚಣೆಯಲ್ಲ.

ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವವು ಬಹುಪಾಲು ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು. ಭಾರತದ ಕಡಲಿನಲ್ಲಿ ಕಂಡುಬರುವ ಐದು ಜಾತಿಗಳಲ್ಲಿ ಇದೇ ಚಿಕ್ಕದು. ಒಡಿಶಾದ ಗಹೀರ್‌ಮಠ ಮತ್ತು ಋಷಿಕುಲ್ಯಾ ತೀರಗಳಲ್ಲಿ ಇವು ಕೆಲವೇ ರಾತ್ರಿಗಳಲ್ಲಿ ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಕಾರವಾರ, ಅಂಕೋಲಾ, ಹೊನ್ನಾವರ, ಕುಂದಾಪುರದ ಕಡೆ ಹಾಗಲ್ಲ. ಮಳೆಗಾಲ ಮುಗಿದ ಮೇಲೆ ಬೇಸಿಗೆಯ ಮೊದಲ ದಿನಗಳವರೆಗೆ ಒಂದೊಂದೇ ಆಮೆ ರಾತ್ರಿಯ ಹೊತ್ತು ದಂಡೆಗೆ ಬಂದು, ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ತನ್ನ ಮೈಯಿಂದಲೇ ಅದನ್ನು ತಟ್ಟಿ ಗಟ್ಟಿಮಾಡಿ ಮರಳಿ ಹೋಗುತ್ತದೆ. ಆಮೇಲೆ ತಾಯಿ ಆ ಕಡೆಗೆ ಸುಳಿಯುವುದಿಲ್ಲ. ಮರಳಿನ ಕಾವಿನಲ್ಲೇ 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ.

ಹೊರಬಂದ ಮರಿಗೆ ಕಡಲು ಎತ್ತಲಿದೆ ಎಂದು ಯಾರೂ ಹೇಳಿಕೊಡುವುದಿಲ್ಲ. ರಾತ್ರಿಯಲ್ಲಿ ನೀರಿನ ಮೇಲಣ ಬಾನಂಚು ಗಿಡಮರಗಳ ಕಡೆಗಿಂತ ತುಸು ಬೆಳಕಾಗಿರುತ್ತದೆ. ಆ ಬೆಳಕಿನತ್ತ ಅದು ತೆವಳುತ್ತದೆ. ನೀರಿಗಿಳಿದ ಮೇಲೆ ಅಲೆಗಳಿಗೆ ಎದುರಾಗಿ ಈಜುತ್ತದೆ, ದಂಡೆಯಿಂದ ದೂರವಾದ ಬಳಿಕ ಭೂಮಿಯ ಕಾಂತಕ್ಷೇತ್ರವನ್ನು ಗುರುತಿಸಿ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಮರಳಿನ ಮೇಲಿನ ಈ ತೆವಳಿಕೆಯಲ್ಲೂ ಮರಿ ತನ್ನ ದಿಕ್ಕನ್ನು ಹೊಂದಿಸಿಕೊಳ್ಳುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಹೆಣ್ಣಾಮೆಗಳು ಹತ್ತು ಹದಿನೈದು ವರ್ಷಗಳ ನಂತರ ತಾವು ಹುಟ್ಟಿದ ಕರಾವಳಿಯತ್ತಲೇ ಮೊಟ್ಟೆಯಿಡಲು ಮರಳುವುದನ್ನು ನೆನೆದರೆ, ಈ ಮೊದಲ ಗಳಿಗೆಗಳನ್ನು ಅವುಗಳ ಪಾಡಿಗೆ ಬಿಡುವುದು ಎಷ್ಟು ಮುಖ್ಯ ಎಂದು ತಿಳಿಯುತ್ತದೆ. ಮರಿಗಳನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟು ಮಕ್ಕಳಿಗೆ ತೋರಿಸುವುದಂತೂ ಖಂಡಿತ ಬೇಡ. ಹುಟ್ಟುವಾಗ ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯೇ ಅವುಗಳ ಬುತ್ತಿ. ಆ ಬುತ್ತಿಯ ಬಲದಿಂದ ಮೊದಲ ಒಂದೆರಡು ದಿನ ಬಿಡುವಿಲ್ಲದೆ ಈಜಿ ದಂಡೆಯ ಅಪಾಯಗಳಿಂದ ಪಾರಾಗಬೇಕು. ಬಕೆಟ್ಟಿನಲ್ಲೂ ಅವು ಹಾಗೆಯೇ ಈಜುತ್ತವೆ, ಬುತ್ತಿ ಅಲ್ಲೇ ಕರಗುತ್ತದೆ.

ಹಾಗಾದರೆ ಎಂದೂ ಮುಟ್ಟಬಾರದೇ? ಒಂದು ಸಂದರ್ಭ ಬೇರೆ. ರೆಸಾರ್ಟಿನ ದೀಪ, ಬೀದಿದೀಪ, ತೀರದ ರಸ್ತೆಯ ವಾಹನಗಳ ಬೆಳಕು ಕಂಡು ಮರಿಗಳು ದಾರಿ ತಪ್ಪಿ ಊರಿನ ಕಡೆಗೆ ಹೊರಟಿರುತ್ತವೆ. ಸೂರ್ಯ ಏರಿದರೆ ಒಣಗಿ ಸಾಯುತ್ತವೆ. ಆಗ ಮೊದಲು ಆ ದೀಪವನ್ನು ಆರಿಸಿ ಅಥವಾ ಆರಿಸಲು ಹೇಳಿ, ಬಳಿಕ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಅವರು ಬರುವವರೆಗೆ ಮರಿಗಳನ್ನು ಒದ್ದೆ ಮರಳು ಹಾಕಿದ, ನೀರಿಲ್ಲದ ಪಾತ್ರೆಯಲ್ಲಿ ನೆರಳಿನಲ್ಲಿ, ಕತ್ತಲಾಗಿರುವ ಕಡೆ ಇಡಿ. ಬಿಡುವಾಗ ನೀರಿನೊಳಗೆ ಎಸೆಯದೆ, ಮರಳಿನ ಮೇಲೆಯೇ ಬಿಟ್ಟು ಅವೇ ತೆವಳಿ ಹೋಗಲು ಅವಕಾಶ ಕೊಡಬೇಕು.

ಗೂಡು ಕಂಡರೂ ಅದನ್ನು ಅಗೆಯಬೇಡಿ. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲೇ ಒಳಗಿನ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ; ಆಮೇಲೆ ಮೊಟ್ಟೆ ಉರುಳಿದರೆ ಭ್ರೂಣ ಸಾಯುತ್ತದೆ. ನಾಯಿ ಮತ್ತು ಅಲೆಗಳ ಭಯವಿರುವ ಗೂಡುಗಳನ್ನು ಇಲಾಖೆಯವರು ಬೇಲಿ ಹಾಕಿ ಕಾಯುತ್ತಾರೆ, ಇಲ್ಲವೇ ಜಾಗ ಬದಲಿಸುತ್ತಾರೆ, ಅದು ತರಬೇತಿ ಪಡೆದವರ ಕೆಲಸ. ಇನ್ನೊಂದು ಸೂಕ್ಷ್ಮವೂ ಇದೆ: ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. 29–30 ಡಿಗ್ರಿ ಸೆಲ್ಸಿಯಸ್ ಆಚೀಚೆ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದಂತೆ ಹೆಣ್ಣುಗಳೇ ಹೆಚ್ಚು. ತಿಳಿಯದವರು ಮೊಟ್ಟೆಗಳನ್ನು ಎಲ್ಲೆಂದರಲ್ಲಿ ಹೂತರೆ ಈ ಲೆಕ್ಕವೂ ಏರುಪೇರಾಗುತ್ತದೆ. ರಾತ್ರಿ ದಂಡೆಗೇರುತ್ತಿರುವ ತಾಯಿ ಆಮೆ ಎದುರಾದರೆ ಟಾರ್ಚ್ ಬಿಡದೆ, ಫ್ಲ್ಯಾಶ್ ಹಾಕಿ ಚಿತ್ರ ತೆಗೆಯದೆ, ಅಲುಗಾಡದೆ ನಿಲ್ಲಿ. ಬೆದರಿದರೆ ಅದು ಮೊಟ್ಟೆಯಿಡದೆ ಮರಳಿಬಿಡಬಹುದು.

ಆದರೆ ದಂಡೆಯ ಮೇಲಿನ ಕಾಳಜಿಯಷ್ಟೇ ಸಾಲದು. ಬೆಳೆದ ಆಮೆಗಳು ಹೆಚ್ಚಾಗಿ ಸಾಯುವುದು ಕಡಲಿನಲ್ಲಿ, ಬಲೆಗೆ ಸಿಕ್ಕಿ. ಆಮೆ ಮೀನಲ್ಲ, ಉಸಿರಿಗಾಗಿ ಮೇಲೆ ಬರಲೇಬೇಕು. ಟ್ರಾಲ್ ಬಲೆಯೊಳಗೆ ಬಹಳ ಹೊತ್ತು ಸಿಕ್ಕಿಹಾಕಿಕೊಂಡರೆ ಮುಳುಗಿ ಸಾಯುತ್ತದೆ. ಬಲೆಯಲ್ಲಿ ಕಂಬಿಯ ಜಾಲರಿ ಅಳವಡಿಸಿ ಆಮೆಗೆ ಹೊರದಾರಿ ಬಿಡುವ ಸಾಧನವೇ ಟೆಡ್. ಈ ಸಾಧನ ಬಳಸದ ದೇಶಗಳ ಸಿಗಡಿಗೆ ಅಮೆರಿಕ ಬಾಗಿಲು ಮುಚ್ಚಿದಾಗ ಭಾರತವೂ ಸೇರಿ ನಾಲ್ಕು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದ್ದವು, 1998ರಲ್ಲಿ ಆ ತೀರ್ಪು ಬಂದಿತು. ನಮ್ಮ ಮೀನುಗಾರ ಬಂಧುಗಳಲ್ಲಿ ಅನೇಕರು ಆಮೆಯನ್ನು ಕೂರ್ಮಾವತಾರವೆಂದು ಗೌರವಿಸಿ ಬಲೆ ಕತ್ತರಿಸಿಯಾದರೂ ಬಿಡುತ್ತಾರೆ. ಅಂಥವರಿಗೆ ಒಂದು ಮಾತು ತಿಳಿದಿರಬೇಕು: ಬಲೆಯಲ್ಲಿ ಅಲುಗಾಡದೆ ಬಿದ್ದ ಆಮೆ ಸತ್ತಿರಲೇಬೇಕೆಂದಿಲ್ಲ. ಅದನ್ನು ಕೂಡಲೇ ಕಡಲಿಗೆ ಎಸೆದರೆ ಮುಳುಗಿಬಿಡುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಒಂದು ಗೇಣಿನಷ್ಟು ಎತ್ತರಿಸಿ, ಮೂಗು ಮುಚ್ಚದಂತೆ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿಟ್ಟರೆ ಶ್ವಾಸಕೋಶದ ನೀರು ಇಳಿದು ಕೆಲವು ಗಂಟೆಗಳ ಬಳಿಕ ಅದು ಚೇತರಿಸಿಕೊಳ್ಳುವುದುಂಟು. ಆಗ ಎಂಜಿನ್ ನಿಲ್ಲಿಸಿ ಮೆಲ್ಲಗೆ ನೀರಿಗೆ ಇಳಿಸಬೇಕು. ಹರಿದ ಬಲೆಯನ್ನು ಕಡಲಿಗೆ ಬಿಸಾಡದೆ ದಡಕ್ಕೆ ತರುವುದೂ ಅಷ್ಟೇ ಅಗತ್ಯ; ಒಡೆಯನಿಲ್ಲದ ಆ ಬಲೆ ವರ್ಷಗಟ್ಟಲೆ ಕೊಲ್ಲುತ್ತಲೇ ಇರುತ್ತದೆ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆಲಿವ್ ರಿಡ್ಲೆ ಇದೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ. ಆಮೆಯನ್ನು ಕೊಂದರೆ, ಮೊಟ್ಟೆ ಕದ್ದು ಮಾರಿದರೆ 3ರಿಂದ 7 ವರ್ಷ ಸೆರೆವಾಸ. ಆಮೆ ಮೊಟ್ಟೆಯಿಡುವ ತೀರಗಳು ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತವೆ. ಆದ್ದರಿಂದ ನಿಮ್ಮೂರ ದಂಡೆಯಲ್ಲಿ ಹೊಸ ಕಟ್ಟಡವೋ ಕಲ್ಲಿನ ತಡೆಗೋಡೆಯೋ ಬರುವುದಾದರೆ, ಅಲ್ಲಿ ಆಮೆ ಬರುತ್ತದೆ ಎಂಬ ಮಾತು ದಾಖಲಾಗಿರುವುದು ಬಹಳ ಮುಖ್ಯ. ಕಲ್ಲುಗುಡ್ಡೆ ಹತ್ತಿ ಮೊಟ್ಟೆಯಿಡುವುದು ಆಮೆಗೆ ಸಾಧ್ಯವಿಲ್ಲ.

ಹಾಗಾಗಿ ಮುಂದಿನ ಸಲ ಮರಳಿನ ಮೇಲೆ ಮರಿಗಳನ್ನೋ, ತಾಯಿ ಆಮೆ ಏರಿ ಇಳಿದ ಅಗಲವಾದ ಜಾಡನ್ನೋ ಕಂಡರೆ ದಿನ, ಹೊತ್ತು, ಹತ್ತಿರದ ಗುರುತು ಬರೆದಿಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಸಾಮಾಜಿಕ ಜಾಲತಾಣದಲ್ಲಿ ಗೂಡಿನ ಜಾಗವನ್ನು ಮಾತ್ರ ಹಾಕಬೇಡಿ. ಮೊಟ್ಟೆ ಕದಿಯುವವರೂ ಅದನ್ನು ಓದುತ್ತಾರೆ.